ನನ್ನ ಅಳತೆಯ ಕುದುರೆ

ನಮ್ಮ ಮನೆಯ ಜಗುಲಿಯ ಮುಂದೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಮನೆಗೆ ಬಂದವರು ಅದಕ್ಕೆ ಒಂದು ಸಲವಾದರೂ ಕಾಲು ತಗುಲಿಸಿಕೊಳ್ಳದೆ ಒಳಗೆ ಬಂದದ್ದಿಲ್ಲ. ಮೊನ್ನೆ ಬಂದಿದ್ದ ಹೊಸ ಬೀಗರೂ ತಗುಲಿಸಿಕೊಂಡರು. ಮೊಣಕಾಲು ತಿಕ್ಕಿಕೊಳ್ಳುತ್ತಾ, "ಇದೇನ್ರೀ, ಬಟ್ಟೆ ಒಗೆಯೋ ಕಲ್ಲನ್ನ ಬಾಗಿಲಲ್ಲಿ ಇಟ್ಟಿದೀರಿ?" ಅಂದರು. ಬಟ್ಟೆ ಒಗೆಯುವ ಕಲ್ಲಲ್ಲ ಸ್ವಾಮಿ, ಅದು ಕುದುರೆ ಹತ್ತುವ ಕಲ್ಲು ಅಂದೆ. ಅವರು ಅತ್ತ ಇತ್ತ ನೋಡಿದರು. ಕುದುರೆ ಹಾಗಿರಲಿ, ನಮ್ಮ ಹಟ್ಟಿಯಲ್ಲಿ ಈಗ ಒಂದು ಕತ್ತೆಯೂ ಇಲ್ಲ. ನನ್ನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಆ ಕಲ್ಲಿಗೆ ಕಾರಣ ಇಷ್ಟೆ. ನಮ್ಮ ವಂಶದಲ್ಲಿ ಯಾವ ಗಂಡಸೂ ಐದಡಿ ಎರಡಂಗುಲ ದಾಟಿದವನಲ್ಲ. ತಾತ, ಅಪ್ಪಯ್ಯ, ನಾನು, ಮೂವರನ್ನೂ ಒಂದೇ ಅಚ್ಚಿನಲ್ಲಿ ಹುಯ್ದಿದ್ದಾರೆ. ಅಪ್ಪಯ್ಯ ಹುಣಸೂರಿನ ಪಕ್ಕದ ನಮ್ಮೂರಿಗೆ ಪಟೇಲರು. ಅವರಿಗೆ ಕುದುರೆ ಮಾತ್ರ ಎತ್ತರದ್ದೇ ಆಗಬೇಕು. ನೆಲದ ಮೇಲೆ ನಿಂತರೆ ಜೀನಿನಿಂದ ಇಳಿಬಿಟ್ಟ ರಿಕಾಪಿಗೆ ಕಾಲು ಎಟುಕುವುದಿಲ್ಲ, ಆಳಿನ ಹೆಗಲ ಮೇಲೆ ಕಾಲಿಟ್ಟು ಹತ್ತಲು ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ತಾವು ಹೋಗಿಬರುವ ಕಡೆಯೆಲ್ಲ ಒಂದೊಂದು ಕಲ್ಲು ನೆಡಿಸಿದ್ದರು. ಪಿರಿಯಾಪಟ್ಟಣದಲ್ಲಿ ನಮ್ಮ ಸೋದರತ್ತೆಯ ಮನೆ ಮುಂದೆ ಒಂದು, ಹಳಬರು ಆಗಲೂ ಎಡತೊರೆ ಎನ್ನುತ್ತಿದ್ದ ಕೃಷ್ಣರಾಜನಗರದಲ್ಲಿ ನಂಟರ ಮನೆ ಮುಂದೆ ಒಂದು, ಹೆಗ್ಗಡದೇವನಕೋಟೆಯಲ್ಲಿ ಕಚೇರಿಯ ಬೇಲಿ ಪಕ್ಕ ಒಂದು. ಅಲ್ಲಿಯ ಕಲ್ಲಿಗೆ ಯಾರೋ ಪುಣ್ಯಾತ್ಮರು ಅರಿಸಿನ ಕುಂಕುಮ ಹಚ್ಚಿ ಪೂಜೆ ಶುರುಮಾಡಿಬಿಟ್ಟರು. ಆಮೇಲೆ ಅಪ್ಪಯ್ಯ ಅದರ ಮೇಲೆ ಕಾಲಿಡುವುದು ಹೇಗೆ? ಒಮ್ಮೆ ಕೈ ಮುಗಿದು, ಅಲ್ಲೇ ಪಕ್ಕದಲ್ಲಿ ಎರಡನೆಯ ಕಲ್ಲು ನೆಡಿಸಿದರು.

ಈಗ ಹೇಳುತ್ತೇನೆ ಕೇಳಿ. ಕುದುರೆ ಆರಿಸುವ ವಿಷಯದಲ್ಲಿ ನನ್ನ ಮಾತನ್ನು ನೀವು ಕಣ್ಣುಮುಚ್ಚಿಕೊಂಡು ನಂಬಬಹುದು. ಏಕೆಂದರೆ ತನಗೆ ಸಲ್ಲದ ಕುದುರೆಯ ಮೇಲೆ ನಾನು ಕೂತಷ್ಟು ದಿನ ಈ ಸೀಮೆಯಲ್ಲಿ ಇನ್ಯಾರೂ ಕೂತಿಲ್ಲ, ನಾನು ಬಿದ್ದಷ್ಟು ಸಲ ಯಾರೂ ಬಿದ್ದಿಲ್ಲ.

ನಮ್ಮ ಕಡೆ ಆಗ ಕುದುರೆಯನ್ನು ಆರಿಸುತ್ತಿದ್ದದ್ದು ಸುಳಿ ನೋಡಿ. ನಮ್ಮ ನೆತ್ತಿಯಲ್ಲಿ ಸುಳಿ ಇರುವಂತೆ ಕುದುರೆಯ ಮೈಮೇಲೂ ಅಲ್ಲಲ್ಲಿ ಕೂದಲು ಸುತ್ತಿಕೊಂಡಿರುತ್ತದೆಯಲ್ಲ, ಅದು. ಹಣೆಯ ನಡುವೆ ಇದ್ದರೆ ಯಜಮಾನನಿಗೆ ಏಳಿಗೆ. ಕಣ್ಣಿನ ಕೆಳಗಿದ್ದರೆ ಅದು ಕಣ್ಣೀರು ಸುಳಿ, ಅಂಥದ್ದನ್ನು ಕಟ್ಟಿಕೊಂಡ ಮನೆಯಲ್ಲಿ ಹೆಂಗಸರ ಅಳು ನಿಲ್ಲುವುದಿಲ್ಲ. ಅಪ್ಪಯ್ಯ ಈ ವಿದ್ಯೆಯಲ್ಲಿ ನಾಲ್ಕು ತಾಲ್ಲೂಕಿಗೆ ಹೆಸರಾದವರು. ಎತ್ತು ಕೊಳ್ಳುವವರು, ಕುದುರೆ ಕೊಳ್ಳುವವರು ಗಾಡಿ ಕಟ್ಟಿಕೊಂಡು ಬಂದು ಅವರನ್ನು ಕರೆದೊಯ್ಯುತ್ತಿದ್ದರು. ಅವರು ಮೂಗು ಮುರಿದು "ಬ್ಯಾಡ ಬುಡು" ಅಂದ ಪ್ರಾಣಿಗೆ ಆಮೇಲೆ ಗಿರಾಕಿ ಸಿಕ್ಕುತ್ತಿರಲಿಲ್ಲ.

ಅವರೇ ಸುಳಿ ನೋಡಿ ತಂದದ್ದು ಬಹದ್ದೂರನನ್ನು. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುತ್ತಿದ್ದ ವೇಲರ್ ತಳಿಯ ಕುದುರೆ ಅದು. ದಂಡಿನಲ್ಲಿ ದುಡಿದು ಸುಸ್ತಾಗಿ ಹರಾಜಿಗೆ ಬಂದಿತ್ತು. ಕುದುರೆಯ ಎತ್ತರವನ್ನು ಹೆಗಲಿನವರೆಗೆ ಮುಷ್ಟಿ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಮುಷ್ಟಿಗೆ ನಾಲ್ಕು ಅಂಗುಲ. ಬಹದ್ದೂರ ಹದಿನಾರು ಮುಷ್ಟಿ. ಲೆಕ್ಕ ಹಾಕಿ ನೋಡಿ, ಅದರ ಹೆಗಲು ನನ್ನ ತಲೆಗಿಂತ ಎರಡಂಗುಲ ಮೇಲೆ. ಹಣೆಯ ಮೇಲೆ ಅಚ್ಚುಕಟ್ಟಾದ ಸುಳಿ. ಊರಿನವರೆಲ್ಲ ಬಂದು ನೋಡಿ, "ಪಟೇಲ್ರು ತಂದ್ರೆ ಇಂಥದ್ದೇ ತರ್ಬೇಕು ಕಣ್ಲಾ" ಅಂದರು.

ನಾನು ಮೈಸೂರಿನಲ್ಲಿ ನಾಲ್ಕಕ್ಷರ ಕಲಿತು ಊರಿಗೆ ಬಂದು ಬೇಸಾಯ ನೋಡಿಕೊಳ್ಳುತ್ತಿದ್ದ ಕಾಲ. ಮದುವೆಯಾಗಿ ವರ್ಷವಾಗಿತ್ತು. ಮೈಸೂರಿನಿಂದ ತಂದಿದ್ದ ಒಂದೇ ಹುಚ್ಚೆಂದರೆ ಕುದುರೆ ಸವಾರಿ. ಓಟದ ಸವಾರಿಯಲ್ಲ, ನಡೆಯ ಸವಾರಿ. ಸವಾರ ಸುಮ್ಮನೆ ಕೂತಂತೆ ಕಾಣಬೇಕು, ಕುದುರೆ ತಾನಾಗಿ ವೃತ್ತ ಬಳಸಬೇಕು, ಎಂಟರ ಅಂಕಿ ಬರೆದಂತೆ ತಿರುಗಬೇಕು, ಹೇಳಿದ ಕಡೆ ನಿಲ್ಲಬೇಕು, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಹುಣಸೂರಿನಲ್ಲಿ ಈ ಹುಚ್ಚು ಹತ್ತಿದವರು ಆರೇಳು ಜನ ಇದ್ದೆವು. ಆಸ್ಪತ್ರೆಯ ಡಾಕ್ಟರು, ಕಾಫಿ ತೋಟದ ಒಬ್ಬ ಸಾಹುಕಾರರು, ಹೀಗೆ. ವರ್ಷಕ್ಕೊಮ್ಮೆ ಲಕ್ಷ್ಮಣತೀರ್ಥ ಹೊಳೆಯ ದಡದ ಬಯಲಿನಲ್ಲಿ ಪಂದ್ಯ ಆಡುತ್ತಿದ್ದೆವು.

ಆ ವರ್ಷದ ಪಂದ್ಯಕ್ಕೆ ನಾನು ಬಹದ್ದೂರನ ಮೇಲೆ ಹೋದೆ. ರುಮಾಲು ಸುತ್ತಿ, ಬೂಟು ಮೆಟ್ಟಿ, ಎದೆ ಸೆಟೆಸಿಕೊಂಡು. ಬಹದ್ದೂರ ಒಳ್ಳೆಯ ಪ್ರಾಣಿ, ಸುಳ್ಳು ಹೇಳಬಾರದು. ವೃತ್ತದ ಅರ್ಧದವರೆಗೆ ನೆಟ್ಟಗೆ ಬಂತು. ಅಲ್ಲಿ ಅದಕ್ಕೆ ಬಾಯಾರಿಕೆ ಆಯಿತು. ನಾನು ಹಿಮ್ಮಡಿಯಿಂದ ಒತ್ತಿದೆ, ಎಳೆದೆ, ಬೇಡಿಕೊಂಡೆ. ಅದು ಸಾವಧಾನವಾಗಿ ಬಯಲು ದಾಟಿ ಹೊಳೆಗೆ ಇಳಿದು, ನನ್ನನ್ನು ಬೆನ್ನ ಮೇಲೆ ಇಟ್ಟುಕೊಂಡೇ ಹೊಟ್ಟೆತುಂಬ ನೀರು ಕುಡಿಯಿತು. ತೀರ್ಪುಗಾರರು ಗಡಿಯಾರ ನೋಡುತ್ತಾ ಕಾದರು. ಡಾಕ್ಟರು ದಡದಿಂದ, "ನೀವೂ ಸ್ವಲ್ಪ ಕುಡಿದುಬಿಡಿ ಗೌಡರೇ" ಎಂದು ಕೂಗಿದರು. ನಾಚಿಕೆಯಿಂದ ಸತ್ತೇ ಹೋದೆ.

ಹೊಳೆಯಿಂದ ಕುದುರೆಯನ್ನು ಹಿಡಿದು ತಂದವರು ಲಾಳದ ಇಬ್ರಾಹಿಂ ಸಾಬರು. ಹುಣಸೂರಿನ ಕುದುರೆಗಳಿಗೆಲ್ಲ ಲಾಳ ಕಟ್ಟುತ್ತಿದ್ದವರು ಅವರೇ. ಹರೆಯದಲ್ಲಿ ಕುದುರೆ ದಂಡಿನಲ್ಲಿ ನಡೆ ತಿದ್ದುವ ಕೆಲಸ ಮಾಡಿ ಬಂದಿದ್ದರು. ಬಿಳಿ ಗಡ್ಡ, ಕಡಿಮೆ ಮಾತು. ನಾನು ಬಹದ್ದೂರನನ್ನು ಬಯ್ಯಲು ಬಾಯಿ ತೆರೆದೆ, ಅವರು ತಡೆದರು.

"ಜಾನ್ವಾರು ತಪ್ಪಿಲ್ಲ, ಚಿಕ್ಕ ಪಟೇಲ್ರೆ. ನಿಮ್ಮ ಕಾಲು ಮಾತಾಡಿದ್ದು ಅದಕ್ಕೆ ಕೇಳಿಸ್ಲೇ ಇಲ್ಲ."

ಮಾರನೆಯ ದಿನ ಬಹದ್ದೂರನ ಜೊತೆ ಅವರ ಕೊಟ್ಟಿಗೆಗೆ ಹೋದೆ. ಅವರು ಒಂದು ಚರ್ಮದ ಪಟ್ಟಿ ತೆಗೆದು, ದರ್ಜಿ ಷರಾಯಿಗೆ ಅಳತೆ ತೆಗೆದಂತೆ ನನ್ನ ಸೊಂಟದಿಂದ ಹಿಮ್ಮಡಿವರೆಗೆ ಹಿಡಿದರು. ಅದೇ ಪಟ್ಟಿಯನ್ನು ಬಹದ್ದೂರನ ಬೆನ್ನಿನಿಂದ ಇಳಿಬಿಟ್ಟರು. ಅದು ಹೊಟ್ಟೆಯ ಅರ್ಧಕ್ಕೇ ಮುಗಿದುಹೋಯಿತು.

"ಇಲ್ಲಿ ಅದಕ್ಕೆ ಪಕ್ಕೆಲುಬು. ಎಷ್ಟು ಒದ್ದರೂ ಬಾಗಿಲು ತಟ್ಟಿದ ಹಾಗೆ. ಹಿಮ್ಮಡಿ ಇನ್ನೂ ಒಂದು ಗೇಣು ಕೆಳಗೆ ಬರಬೇಕು, ಮೆತ್ತಗಿರೋ ಕಡೆಗೆ."

"ಹಾಗಾದ್ರೆ ಅರಬ್ಬಿ ಕುದುರೆ ತರ್ಲಾ ಸಾಬ್ರೆ?"

"ಅರಬ್ಬಿ ಚೆಂದ. ಬುದ್ಧಿ ಜಾಸ್ತಿ. ನೀವು ಒಂದು ತಪ್ಪು ಮಾಡಿದ್ರೆ ಅದು ಎರಡು ಮಾಡಿ ತೋರಿಸ್ತದೆ."

"ಕಾಠೇವಾಡಿ ಕುದುರೆ?"

"ಕಾಲು ಗಟ್ಟಿ. ಬಾಯಿ ಅದಕ್ಕಿಂತ ಗಟ್ಟಿ, ಲಗಾಮು ಎಳೆದ್ರೂ ಲೆಕ್ಕಕ್ಕಿಲ್ಲ. ಕಲಿಯೋರಿಗೆ ಬೇಡ."

"ಮತ್ತೆ ನನ್ನಂಥೋನಿಗೆ ಯಾವ್ದು ಅಂತ ಹೇಳಿ?"

ಅವರು ಒಳಗಿನಿಂದ ಒಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ನಡೆಸಿಕೊಂಡು ಬಂದರು. ಹೆಸರು ಚಮೇಲಿ. ತಂದೆ ಅರಬ್ಬಿ, ತಾಯಿ ನಮ್ಮ ನಾಡಿನ ಗಿಡ್ಡ ತಟ್ಟು. ಹದಿಮೂರೂವರೆ ಮುಷ್ಟಿ. ಪಟ್ಟಿ ಇಳಿಬಿಟ್ಟರೆ ಹೊಟ್ಟೆಯ ಕೆಳಗೆ ಸರಿಯಾಗಿ ಬಂದು ನಿಂತಿತು. ಹೆಜ್ಜೆ ಚಿಕ್ಕದು, ಬೆನ್ನು ಮೆತ್ತಗೆ. ಸಾಬರು ಲಗಾಮನ್ನೂ ಹಾಕದೆ ಬರಿಗೈ ತೋರಿಸಿ ಅದನ್ನು ಹಿಂದಕ್ಕೆ ನಡೆಸಿದರು. ನನಗೆ ಅದರ ಮೇಲಿಂದ ಕಣ್ಣು ಕೀಳಲು ಆಗಲಿಲ್ಲ. ಹುಡುಗಿ ನೋಡಲು ಹೋದಾಗಲೂ ನನಗೆ ಹಾಗೆ ಆಗಿರಲಿಲ್ಲ, ಇದನ್ನು ನನ್ನಾಕೆ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಆಮೇಲೆ ಕಂಡೆ, ಎಡಗಣ್ಣಿನ ಕೆಳಗೆ ಕಣ್ಣೀರು ಸುಳಿ.

"ಅದಕ್ಕೇ ಯಾರೂ ತಕ್ಕೊಂಡಿಲ್ಲ" ಅಂದರು ಸಾಬರು. "ಎಂಟು ವರ್ಷ ನಾನೇ ತಿದ್ದಿದೆ. ಈಗ ನನ್ನ ಮಂಡಿ ಹೋಯ್ತು. ಮೈಸೂರಿಗೆ ಮಗಳ ಮನೆಗೆ ಹೋಗ್ತೀನಿ, ಅಲ್ಲಿ ಕುದುರೆ ಕಟ್ಟೋಕೆ ಜಾಗ ಇಲ್ಲ. ಜಟಕಾದವನೊಬ್ಬ ತಕ್ಕೊಳ್ತೀನಿ ಅಂದಿದಾನೆ. ಕಣ್ಣಿಗೆ ಪಟ್ಟಿ ಕಟ್ಟಿದ್ಮೇಲೆ ಸುಳಿ ಯಾರಿಗೆ ಕಾಣ್ತದೆ ಅಂದ. ಒಳ್ಳೆಯವನೇ, ಹೊಡೆಯೋನಲ್ಲ. ಆದ್ರೆ ಜಟಕಾ ಅಂದ್ರೆ ದಿನವಿಡೀ ಎಳೆದು ನಿಲ್ಲಿಸ್ಬೇಕು. ಆರು ತಿಂಗಳಿಗೆ ಇದರ ಬಾಯಿ ಕಲ್ಲಾಗ್ತದೆ." ಅಷ್ಟು ಹೇಳಿ ಚಮೇಲಿಯ ಕಿವಿ ಸವರಿದರು.

"ನನಗೆ ಕೊಡಿ ಸಾಬ್ರೆ" ಅಂದೆ.

ಅವರು ನನ್ನ ಮುಖ ನೋಡಲಿಲ್ಲ, ಅಂಗೈ ನೋಡಿದರು. "ಕಾಲಿನ ಅಳತೆ ಸರಿಯಾಗಿದೆ. ಕೈ ನೋಡ್ಬೇಕು."

ಅವರ ಪರೀಕ್ಷೆ ಹೀಗಿತ್ತು. ಲಗಾಮನ್ನು ಕುದುರೆಯ ಬಾಯಲ್ಲಿರುವ ಕಡಿವಾಣದ ಬಳೆಗೆ ನೇರವಾಗಿ ಕಟ್ಟದೆ, ನಡುವೆ ಒಂದೆಳೆ ಹೊಲಿಗೆ ದಾರ ಕಟ್ಟುವುದು, ಎರಡು ಕಡೆಯೂ. ನಾನು ಒಂದು ವೃತ್ತ, ಒಂದು ಎಂಟರ ಅಂಕಿ, ಒಂದು ನಿಲುಗಡೆ, ನಾಲ್ಕು ಹೆಜ್ಜೆ ಹಿಂದಕ್ಕೆ, ಇಷ್ಟನ್ನು ಮಾಡಬೇಕು. ದಾರ ಕಡಿಯಬಾರದು. ಮೂರನೆಯ ಭಾನುವಾರ ಜಟಕಾದವನು ಬರುತ್ತಾನೆ. ಅಷ್ಟರೊಳಗೆ ಆದರೆ ಚಮೇಲಿ ನನ್ನದು, ಆಗದಿದ್ದರೆ ಅವನದು. ನಾನು ಎಷ್ಟು ಜಾಸ್ತಿ ಕೊಡುತ್ತೇನೆಂದರೂ ಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟೇ ತಾನೆ ಎಂದು ಹತ್ತಿ ಕೂತೆ. ಮೊದಲ ಹೆಜ್ಜೆಗೇ ಟುಕ್ ಅಂತು. ಇನ್ನೊಂದು ಕಟ್ಟಿದರು, ಟುಕ್. ಆ ದಿನ ಸಾಬರ ಮನೆಯ ದಾರದುಂಡೆ ಅರ್ಧ ಖಾಲಿಯಾಯಿತು. ಬಹದ್ದೂರನ ಜೊತೆ ಜಗ್ಗಾಡಿ ಜಗ್ಗಾಡಿ ನನ್ನ ಕೈ ಬಾವಿ ಹಗ್ಗ ಸೇದುವ ಕೈ ಆಗಿಬಿಟ್ಟಿತ್ತು. ನೋಡಿ, ದೊಡ್ಡ ಕುದುರೆ ಚಿಕ್ಕ ಸವಾರನನ್ನು ಬೀಳಿಸಿದರೆ ಮೈಗೆ ನೋವು, ಎರಡು ದಿನಕ್ಕೆ ಹೋಗುತ್ತದೆ. ಅವನ ಕೈ ಕೆಡಿಸಿದರೆ ಅದು ಹೋಗುವುದು ಕಷ್ಟ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ.

ಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಬಾಗಿಲ ಚಿಲಕಕ್ಕೆ ದಾರ ಕಟ್ಟಿ, ಮಣೆಯ ಮೇಲೆ ಕೂತು ಹಿಡಿದೆ. ನನ್ನಾಕೆ ಗೌರಮ್ಮ ಮೊರದಲ್ಲಿ ಅಕ್ಕಿ ತಂದುಕೊಂಡು ಕೂತವಳು ಸ್ವಲ್ಪ ಹೊತ್ತು ನೋಡಿದಳು.

"ಏನ್ ಮಾಡ್ತಿದೀರಿ ಅಂತ? ಬಾಗ್ಲೇನು ಓಡೋಗ್ತದಾ?"

ವಿಷಯ ಹೇಳಿದೆ. ಸುಳಿಯ ಮಾತೊಂದು ಬಿಟ್ಟು.

"ಬಾಗ್ಲು ಅಲ್ಲಾಡಲ್ಲ ಕಣ್ರೀ, ಅದ್ರಿಂದ ಏನ್ ಕಲೀತೀರಿ? ಇತ್ಲಾಗೆ ಕೊಡಿ" ಎಂದು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ತಲೆ ಬಗ್ಗಿಸಿದಳು, ಬೆಕ್ಕು ಬಂತೆಂದು ಅತ್ತ ತಿರುಗಿದಳು, ಒಲೆಯ ಕಡೆ ಇಣುಕಿದಳು. ನಾನು ಕೈಯನ್ನು ಅವಳ ಹಿಂದೆ ಹಿಂದೆಯೇ ಕಳಿಸಬೇಕು. ದಾರ ಕಡಿದಾಗಲೆಲ್ಲ "ಎಳುದ್ರಿ" ಅನ್ನುವಳು, ಮತ್ತೆ ಕಚ್ಚಿಕೊಳ್ಳುವಳು. ನಾಲ್ಕು ದಿನದ ಮೇಲೆ ನನಗೊಂದು ಗೊತ್ತಾಯಿತು. ತಲೆ ತಿರುಗುವ ಮೊದಲು ಅವಳ ಹೆಗಲು ಒಂಚೂರು ಅಲುಗುತ್ತದೆ. ಅದನ್ನು ನೋಡಿ ಕೈ ಬಿಟ್ಟುಕೊಟ್ಟರೆ ದಾರಕ್ಕೆ ಏನೂ ಆಗುವುದಿಲ್ಲ. ಹಿತ್ತಲಿನಿಂದ ಬಂದ ಅವ್ವ ಇದನ್ನು ಕಂಡು ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ, ಮನೆ ಸೊಸೆಗೆ ಲಗಾಮು ಆಕವ್ನಲ್ಲಪ್ಪಾ!" ಗೌರಮ್ಮ ನಕ್ಕಳು. ದಾರ ಬಾಯಿಂದ ಜಾರಿತು, ಕಡಿಯಲಿಲ್ಲ.

ಮರುದಿನ ಸುಳಿಯ ಮಾತನ್ನೂ ಹೇಳಿದೆ. ಮುಚ್ಚಿಟ್ಟದ್ದು ಎದೆ ಕೊರೆಯುತ್ತಿತ್ತು. ಅವಳು ಮೊರ ಕೆಳಗಿಟ್ಟಳು. "ಅಳೋಳು ನಾನು ತಾನೆ? ನೀವು ಸಂಜೆ ಸಂಜೆ ಕುಂಟ್ಕೊಂಡು ಬಂದು ಎಣ್ಣೆ ತಿಕ್ಕು ಅನ್ನೋವಾಗ ನಾನೇನ್ ನಗ್ತಾ ಇದ್ನಾ? ತಕ್ಕೊಂಬನ್ನಿ. ಆದ್ರೆ ಮಾವಯ್ಯಂಗೆ ನೀವೇ ಏಳ್ಕಳಿ" ಅಂದಳು.

ಅಪ್ಪಯ್ಯನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಳುವ ಕೆಲಸವನ್ನು, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವ್ವ ಮಾಡಿದ್ದರು.

ಮೂರನೆಯ ಭಾನುವಾರ ಬೆಳಿಗ್ಗೆ ನಾನು ಸಾಬರ ಹಿತ್ತಲಿನ ಬಯಲಿನಲ್ಲಿ ಚಮೇಲಿಯ ಮೇಲೆ ಕೂತಿದ್ದೆ, ಲಗಾಮಿಗೆ ದಾರ ಕಟ್ಟಿತ್ತು. ಬೇಲಿಯಾಚೆ ಬಹದ್ದೂರನ ತಲೆ ಕಾಣಿಸಿತು, ಅದರ ಮೇಲೆ ಅಪ್ಪಯ್ಯನ ರುಮಾಲು. ಅವರು ಇಳಿಯಲಿಲ್ಲ. ಸಾಬರ ಮನೆ ಮುಂದೆ ಕಲ್ಲಿಲ್ಲ, ಇಳಿದರೆ ಮತ್ತೆ ಹತ್ತುವುದು ಹೇಗೆ? ಮೇಲಿಂದಲೇ ನೋಡುತ್ತಾ ಕೂತರು.

ಸಾಬರು, "ಅತ್ತ ನೋಡ್ಬೇಡಿ. ಕುದುರೆ ಹೆಗಲು ನೋಡಿ" ಅಂದರು.

ಹೆಗಲನ್ನೇ ನೋಡಿದೆ. ವೃತ್ತ ಆಯಿತು. ಎಂಟರ ಅಂಕಿಯ ಮೊದಲ ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ ಒಂದು ಕೋಳಿ ಕೊಕ್ಕೊಕ್ಕೋ ಎಂದು ಕಾಲಡಿಯಿಂದ ಹಾರಿತು. ಚಮೇಲಿ ತಲೆ ಕೊಡವಿತು, ನನ್ನ ಕೈ ಅದರ ಜೊತೆಯಲ್ಲೇ ಹೋಯಿತು. ನಿಂತೆವು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಹಿಂದಕ್ಕೆ ಬಂದೆವು. ದಾರ ಹಾಗೇ ಇತ್ತು. ಸಾಬರು ಬಂದು ಎರಡು ಕಡೆಯೂ ಮುಟ್ಟಿ ನೋಡಿ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು. ನನ್ನ ಜೀವನದಲ್ಲಿ ನಾನು ಗೆದ್ದದ್ದು ಕಡಿಮೆ, ಅದರಲ್ಲಿ ಇದು ದೊಡ್ಡದು.

ಅಷ್ಟರಲ್ಲಿ ದೊಪ್ಪೆಂದು ಸದ್ದಾಯಿತು. ಅಪ್ಪಯ್ಯ ಬಹದ್ದೂರನಿಂದ ನೆಲಕ್ಕೆ ಇಳಿದಿದ್ದರು. ನೆಟ್ಟಗೆ ಬಂದು ಚಮೇಲಿಯ ಗಲ್ಲ ಹಿಡಿದು ಎಡಗಣ್ಣಿನ ಕೆಳಗೆ ಬೆರಳಾಡಿಸಿದರು.

"ಕಣ್ಣೀರ್ ಸುಳಿನೇ ಕಣ್ಲಾ. ಅನುಮಾನ್ವೇ ಇಲ್ಲ. ನಮ್ಮಟ್ಟಿಗೆ ಇದು ಬ್ಯಾಡ. ಇಳಿ."

"ಅಪ್ಪಯ್ಯ, ಒಳ್ಳೆ ಸುಳಿ ಕುದುರೆ ಮೇಲಿಂದ ಬಿದ್ದು ಬಿದ್ದು ನಾನು ಅತ್ತಿದ್ದು ಸಾಲ್ದಾ?"

"ಬಾಯ್ ಮುಚ್ಲಾ. ಇಳಿ ಅಂದ್ನಲ್ಲ."

ಇಳಿದೆ. ಅಪ್ಪಯ್ಯನಿಗೆ ಅದಕ್ಕಿಂತ ಹೆಚ್ಚು ಎದುರು ಮಾತಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಸಿಟ್ಟು ನುಂಗಿಕೊಂಡು ಬೇಲಿಯ ಪಕ್ಕ ಹೋಗಿ ನಿಂತೆ.

ಸಾಬರು ವಾದ ಮಾಡಲಿಲ್ಲ. "ಬೇಡ ಅಂದ್ರೆ ಬೇಡ, ಪಟೇಲ್ರೆ. ಎಷ್ಟೋ ವರ್ಷದಿಂದ ನಿಮ್ಮ ಕುದುರೆಗಳಿಗೆ ಲಾಳ ಕಟ್ಟಿದೀನಿ. ನಾನು ಊರು ಬಿಡೋಕೆ ಮುಂಚೆ ಒಂದು ಸುತ್ತು ಇದರ ಮೇಲೆ ಕೂತು ಬನ್ನಿ, ಅಷ್ಟು ಸಾಕು" ಅಂದರು.

ಅಪ್ಪಯ್ಯನಿಗೆ ಸಾಬರ ಮಾತು ತೆಗೆದುಹಾಕಲು ಆಗಲಿಲ್ಲ. ಅಭ್ಯಾಸಬಲದಿಂದ ಸುತ್ತ ನೋಡಿದರು, ಹತ್ತಲು ಏನಾದರೂ ಇದೆಯೇ ಎಂದು. ಆಮೇಲೆ ಕಾಲೆತ್ತಿ ರಿಕಾಪಿನಲ್ಲಿಟ್ಟರು. ಮರುಗಳಿಗೆ ಮೇಲಿದ್ದರು. ಅರವತ್ತು ವರ್ಷದ ಮನುಷ್ಯ ಜೀವನದಲ್ಲಿ ಮೊದಲ ಸಲ ನೆಲದಿಂದ ಕುದುರೆ ಹತ್ತಿದ್ದರು. ಕೆಳಗೆ ತಮ್ಮ ಎರಡು ಕಾಲನ್ನೂ ಬಗ್ಗಿ ಬಗ್ಗಿ ನೋಡಿಕೊಂಡರು.

ಲಗಾಮು ಹಿಡಿದರು. ಟುಕ್.

"ಇದೇನ್ ದಾರವಯ್ಯಾ, ಲೊಡ್ಡು!"

ಸಾಬರು ಇನ್ನೊಂದು ಕಟ್ಟಿದರು. ಟುಕ್. ಮತ್ತೊಂದು. ಐದು ಹೆಜ್ಜೆ ಹೋದಮೇಲೆ ಟುಕ್. ಅಪ್ಪಯ್ಯನ ಹಣೆ ಬೆವೆತಿತು. ರುಮಾಲು ತೆಗೆದು ನನ್ನ ಕಡೆ ಎಸೆದರು. ಹೊತ್ತು ನೆತ್ತಿಗೆ ಬಂತು, ಊಟದ ವೇಳೆ ಮೀರಿತು. ನಾಲ್ಕು ತಾಲ್ಲೂಕಿಗೆ ಬುದ್ಧಿ ಹೇಳುತ್ತಿದ್ದ ಅಪ್ಪಯ್ಯ, "ಇಂಗಾ ಸಾಬ್ರೆ? ಕೈ ಇಂಗ್ ಇಟ್ಕಬೇಕಾ?" ಎಂದು ಕೇಳುತ್ತಿದ್ದರು. ಅವರು ಯಾರನ್ನಾದರೂ ಹೇಳಿಕೊಡಿ ಎಂದು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ.

ಆಗ ಜಟಕಾದವನು ಬಂದ. ಹೆಗಲ ಮೇಲೆ ಗಾಡಿಯ ಪಟ್ಟಿಗಳು, ಕೈಯಲ್ಲಿ ಕಣ್ಣಪಟ್ಟಿ. ಕೈಮುಗಿದು, "ಕುದುರೆ ಹೊಡ್ಕೊಂಡು ಹೋಗಾಕೆ ಬಂದೆ ಸ್ವಾಮಿ" ಅಂದ. ಸಾಬರು ನನ್ನನ್ನು ನೋಡಿದರು, ನಾನು ಅಪ್ಪಯ್ಯನನ್ನು ನೋಡಿದೆ.

ಅಪ್ಪಯ್ಯ ಕುದುರೆಯ ಮೇಲಿಂದಲೇ ಕೇಳಿದರು. "ನಾನ್ಯಾರು ಗೊತ್ತೇನಯ್ಯ?"

"ಗೊತ್ತಿಲ್ದೆ ಏನ್ ಬುದ್ಧಿ, ಸುಳಿ ನೋಡೋ ಪಟೇಲ್ರು."

"ಆಂ. ಇದ್ರ ಕಣ್ ಕೆಳಗೆ ನೋಡ್ದಾ? ಕಣ್ಣೀರ್ ಸುಳಿ. ಎಂತೆಂಥದೋ ನೋಡಿವ್ನಿ, ಇಂಥ ಕೆಟ್ ಸುಳಿ ನೋಡಿರ್ನಿಲ್ಲ. ಪಟ್ಟಿ ಕಟ್ಟುದ್ರೆ ನಿನ್ ಕಣ್ಣಿಗೆ ಕಾಣ್ದೇನೋ, ಮೇಲಿರೋ ಶಿವಂಗೆ ಕಾಣಾಕಿಲ್ವಾ? ಎಂಡ್ರು ಮಕ್ಳು ಇರೋನು ನೀನು. ಬ್ಯಾಡ ಬುಡು. ನಡಿ ಅತ್ಲಾಗೆ."

ಜಟಕಾದವನ ಮುಖ ಬಿಳುಪೇರಿತು. ಪಟ್ಟಿಗಳನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಒಂದು ಸಲವೂ ತಿರುಗಿ ನೋಡದೆ ಬೇಲಿ ದಾಟಿದ. ಅವನು ಮರೆಯಾಗುವವರೆಗೆ ಅಪ್ಪಯ್ಯ ಗಂಭೀರವಾಗಿ ಕೂತಿದ್ದರು. ಆಮೇಲೆ ಸಾಬರ ಕಡೆ ತಿರುಗಿ, "ಊಂ, ಇನ್ನೊಂದ್ ದಾರ ಕಟ್ರಿ" ಅಂದರು.

ನಾನು ಮೆಲ್ಲಗೆ ಹತ್ತಿರ ಹೋದೆ. "ಅಪ್ಪಯ್ಯ, ನಾನು?"

ಅವರು ನನ್ನ ಕಡೆ ನೋಡಲಿಲ್ಲ, ಚಮೇಲಿಯ ಹೆಗಲನ್ನೇ ನೋಡುತ್ತಿದ್ದರು.

"ನೀನು ಬಹದ್ದೂರನ್ನ ಇಡ್ಕೊಂಡು ಅಲ್ಲೇ ನಿಂತಿರು. ಲಗಾಮ್ನ ಬಿಗಿಯಾಗಿ ಇಡೀಬ್ಯಾಡ್ಲಾ, ಅದ್ರ ಬಾಯಿ ನೊಂದಾತು."